ಮರಳಿನಡಿಯ ಎಂಜಿನ್: ಕಡಲು ಹಿಂದಿರುಗಿಸಿದ್ದು ಯಾರದು?

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡಲತೀರದ ರೂಪವೇ ಬದಲಾಗಿರುತ್ತದೆ. ಶಿರೂರು, ಉಪ್ಪುಂದದಿಂದ ಮರವಂತೆ, ತ್ರಾಸಿ, ಗಂಗೊಳ್ಳಿ, ಕೋಡಿಯವರೆಗೆ, ಅಲ್ಲಿಂದ ಹಂಗಾರಕಟ್ಟೆ, ಕೋಡಿಬೆಂಗ್ರೆಯವರೆಗೆ ನಡೆದುಹೋದರೆ ಕಡಲು ತಂದುಹಾಕಿದ ವಸ್ತುಗಳಿಗೆ ಲೆಕ್ಕವಿಲ್ಲ. ಮರದ ದಿಮ್ಮಿ, ಹರಿದ ಬಲೆ, ಪ್ಲಾಸ್ಟಿಕ್ ಡ್ರಮ್ಮು, ದೋಣಿಯ ಹಲಗೆ ಎಲ್ಲವೂ ಕಾಣಸಿಗುತ್ತವೆ. ಇವುಗಳ ನಡುವೆ ಕೆಲವೊಮ್ಮೆ ತುಕ್ಕು ಹಿಡಿದ, ಚಿಪ್ಪು ಮೆತ್ತಿಕೊಂಡ ಭಾರೀ ಕಬ್ಬಿಣದ ಎಂಜಿನ್ ಒಂದು ಮರಳಿನಿಂದ ತಲೆಯೆತ್ತಿದರೆ ಊರಿಗೆ ಊರೇ ನೋಡಲು ಸೇರುತ್ತದೆ.

ಆಗ ಎಲ್ಲರ ಬಾಯಲ್ಲೂ ಬರುವುದು ಮೂರು ಪ್ರಶ್ನೆಗಳು. ಇದು ಯಾವ ಹಡಗಿನದ್ದು? ಇಷ್ಟು ದಿನ ಎಲ್ಲಿತ್ತು? ಗುಜರಿಗೆ ಹಾಕಿದರೆ ಎಷ್ಟು ಸಿಗಬಹುದು? ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ಮೊದಲೇ ಮೂರನೆಯದಕ್ಕೆ ಉತ್ತರ ಸಿಕ್ಕಿ, ಗ್ಯಾಸ್ ಕಟ್ಟರ್ ಬಂದು, ವಸ್ತು ತುಂಡಾಗಿ ಲಾರಿ ಏರಿಬಿಡುವ ಸಾಧ್ಯತೆಯೇ ಹೆಚ್ಚು. ಅದರೊಂದಿಗೆ ಆ ಎಂಜಿನ್ ಹೇಳಬಹುದಾಗಿದ್ದ ಸಂಗತಿಯೂ ಹೋಗುತ್ತದೆ. ಅದು ನೂರು ವರ್ಷ ಹಿಂದಿನ ಸ್ಟೀಮರಿನ ಕಥೆ ಇರಬಹುದು. ಐದು ವರ್ಷದ ಹಿಂದೆ ಕಡಲಿಗೆ ಹೋಗಿ ಮರಳದ ಮೀನುಗಾರರ ಸುದ್ದಿಯೂ ಇರಬಹುದು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದೆಂದು ನಮಗೆ ತೋರಿತು.

ಎಂಜಿನ್ ತೇಲಿ ಬರುವುದಿಲ್ಲ

'ಕಡಲು ಎಂಜಿನನ್ನು ದಡಕ್ಕೆ ತಂದು ಹಾಕಿತು' ಎಂದು ನಾವು ಹೇಳುತ್ತೇವೆ. ನಿಜವಾಗಿ ನೋಡಿದರೆ ಎಂಜಿನ್ ಎಲ್ಲಿಂದಲೂ ತೇಲಿ ಬರುವುದಿಲ್ಲ. ಎರಕದ ಕಬ್ಬಿಣ ನೀರಿಗಿಂತ ಸುಮಾರು ಏಳು ಪಟ್ಟು ಭಾರ. ಆಳ ಸಮುದ್ರದಲ್ಲಿ ಮುಳುಗಿದ ಹಡಗಿನ ಎಂಜಿನ್ ಅಲ್ಲಿಯೇ ಕುಳಿತಿರುತ್ತದೆ. ಅದನ್ನು ಹತ್ತಾರು ಮೈಲು ಉರುಳಿಸಿಕೊಂಡು ಬರುವ ಶಕ್ತಿ ಅಲೆಗಳಿಗಿಲ್ಲ.

ದಡದಲ್ಲಿ ಎಂಜಿನ್ ಕಾಣಿಸಿಕೊಂಡರೆ, ಆ ಹಡಗು ಅಥವಾ ಬೋಟು ಅದೇ ಜಾಗದ ಹತ್ತಿರವೇ ಒಡೆದಿರಬೇಕು. ಎಂಜಿನ್ ಕೆಟ್ಟು ಇಲ್ಲವೆ ಲಂಗರು ತುಂಡಾಗಿ, ಇನ್ನೂ ತೇಲುತ್ತಿರುವ ಹಡಗು ಗಾಳಿಗೆ ಸಿಕ್ಕಿ ದಡದ ಕಡೆಗೆ ಬರುತ್ತದೆ. ಅಲೆಗಳು ಒಡೆಯುವ ಜಾಗದಲ್ಲಿ ತಳ ನೆಲಕ್ಕೆ ತಾಗಿ ನಿಲ್ಲುತ್ತದೆ. ಆಮೇಲೆ ಪ್ರತಿಯೊಂದು ಅಲೆಯೂ ಅದನ್ನು ಎತ್ತಿ ಎತ್ತಿ ಕುಕ್ಕುತ್ತದೆ. ಕೆಲವೇ ದಿನಗಳಲ್ಲಿ ಹಲಗೆಗಳು ಬಿಚ್ಚಿಕೊಳ್ಳುತ್ತವೆ, ತಗಡು ಹರಿಯುತ್ತದೆ. ಹಗುರವಾದದ್ದು ತೇಲಿಹೋಗುತ್ತದೆ, ಭಾರವಾದದ್ದು ಅಲ್ಲಿಯೇ ಕೆಳಗಿಳಿಯುತ್ತದೆ.

ಮರಳಿನ ಮೇಲೆ ಭಾರದ ವಸ್ತು ಕುಳಿತಾಗ ಅದರ ಸುತ್ತ ನೀರು ಸುಳಿಯುತ್ತದೆ. ಸುಳಿದ ನೀರು ಬುಡದ ಮರಳನ್ನು ಕೆದಕಿ ಒಯ್ಯುತ್ತದೆ. ಹೊಂಡ ಬಿದ್ದಂತೆ ವಸ್ತು ಒಳಗಿಳಿಯುತ್ತದೆ, ಮೇಲಿನಿಂದ ಮರಳು ಮುಚ್ಚುತ್ತದೆ. ಅಲೆಯ ಅಂಚಿನಲ್ಲಿ ನಿಂತರೆ ನಮ್ಮ ಹಿಮ್ಮಡಿ ಕೆಳಗಿಳಿಯುವುದು ಕೂಡ ಹೀಗೆಯೇ. ಎಂಜಿನ್ ಹೀಗೆ ಇಳಿಯುತ್ತಾ ಗಟ್ಟಿ ನೆಲ ಸಿಗುವವರೆಗೆ ಹೋಗುತ್ತದೆ. ಅಲ್ಲಿ ಐವತ್ತು ವರ್ಷ ಮಲಗಿದ್ದರೂ ಮೇಲೆ ನಡೆದಾಡುವವರಿಗೆ ಗೊತ್ತಾಗುವುದಿಲ್ಲ.

ಮತ್ತೆ ಹೊರಗೆ ಬರುವುದು ಏಕೆ? ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಕಡಲಿಗೆ ಎಳೆದೊಯ್ದು ಸ್ವಲ್ಪ ದೂರದಲ್ಲಿ ದಿಬ್ಬದಂತೆ ಕೂಡಿಡುತ್ತವೆ. ಮಳೆಗಾಲದ ನಂತರದ ಸಣ್ಣ ಅಲೆಗಳು ಅದನ್ನು ನಿಧಾನವಾಗಿ ಮರಳಿ ತರುತ್ತವೆ. ಇದು ವರ್ಷವರ್ಷವೂ ನಡೆಯುವ ಕೊಡುಕೊಳ್ಳುವಿಕೆ. ಕೊಟ್ಟದ್ದಕ್ಕಿಂತ ಕೊಂಡುಹೋದದ್ದು ಹೆಚ್ಚಾದಲ್ಲಿ ಕಡಲ್ಕೊರೆತ. ಕಲ್ಲಿನ ತಡೆಗೋಡೆ ಹಾಕಿದಲ್ಲಿ ಅಲೆ ಗೋಡೆಗೆ ಬಡಿದು ಹಿಂದಿರುಗುವಾಗ ಗೋಡೆಯ ಮುಂದಿನ ಮರಳು ಇನ್ನೂ ತಗ್ಗುತ್ತದೆ. ಅಳಿವೆಗೆ ಬ್ರೇಕ್‌ವಾಟರ್ ಕಟ್ಟಿದಾಗ ಒಂದು ಬದಿಯಲ್ಲಿ ಮರಳು ತುಂಬಿ ಇನ್ನೊಂದು ಬದಿಯಲ್ಲಿ ಬರಿದಾಗುವುದುಂಟು. ನದಿಗಳಿಂದ ಬರುವ ಮರಳು ಕಡಿಮೆಯಾದರೂ ಪರಿಣಾಮ ಇದೇ. ಒಟ್ಟಿನಲ್ಲಿ, ಮರಳಿನಿಂದ ಎಂಜಿನ್ ಹೊರಬಂದರೆ ಅಲ್ಲಿ ದಡ ತಗ್ಗಿದೆ ಎಂದು ಅರ್ಥ. ಅದು ಹಳೆಯ ಅವಘಡದ ಗುರುತು ಮಾತ್ರವಲ್ಲ, ಇಂದಿನ ಕಡಲ್ಕೊರೆತದ ಅಳತೆಗೋಲೂ ಹೌದು.

ಉಳಿಯುವುದು ಅದೊಂದೇ ಏಕೆ?

ಹಡಗಿನ ಉಳಿದ ಭಾಗಗಳು ಎಲ್ಲಿ ಹೋದವು ಎಂದು ಕೇಳಬಹುದು. ಮರವನ್ನು ಕೊರೆದು ತಿನ್ನುವ ಒಂದು ಜೀವಿ ಉಪ್ಪುನೀರಿನಲ್ಲಿದೆ. ನೋಡಲು ಹುಳುವಿನಂತಿದ್ದರೂ ಅದು ನಮ್ಮ ಮರುವಾಯಿಯ ನೆಂಟ, ಚಿಪ್ಪುಮೀನಿನ ಜಾತಿಗೆ ಸೇರಿದ್ದು. ಮರಳಿನ ಮೇಲೆ ತೆರೆದು ಬಿದ್ದ ಹಲಗೆಯನ್ನು ಅದು ಕೆಲವೇ ವರ್ಷಗಳಲ್ಲಿ ಜರಡಿಯಂತೆ ಮಾಡಿಬಿಡುತ್ತದೆ. ಹಡಗಿನ ಮೈಯ ಉಕ್ಕಿನ ತಗಡು ತೆಳುವಾದ್ದರಿಂದ ತುಕ್ಕಿಗೆ ಬೇಗ ಬಲಿಯಾಗುತ್ತದೆ. ದಪ್ಪನೆಯ ಎಂಜಿನ್, ಬಾಯ್ಲರ್, ಲಂಗರು, ಕಂಚಿನ ಪ್ರೊಪೆಲ್ಲರ್ ಇಷ್ಟೇ ಉಳಿಯುತ್ತವೆ.

ಎರಕದ ಕಬ್ಬಿಣಕ್ಕೆ ಇನ್ನೊಂದು ವಿಚಿತ್ರ ಗುಣವಿದೆ. ಉಪ್ಪುನೀರಿನಲ್ಲಿ ಬಹುಕಾಲ ಇದ್ದರೆ ಅದರೊಳಗಿನ ಕಬ್ಬಿಣ ಕರಗಿಹೋಗಿ, ಪೆನ್ಸಿಲಿನ ಕಡ್ಡಿಯಲ್ಲಿರುವಂಥ ಗ್ರಾಫೈಟ್ ಮಾತ್ರ ಉಳಿಯುತ್ತದೆ. ಆಕಾರ ಸ್ವಲ್ಪವೂ ಬದಲಾಗುವುದಿಲ್ಲ. ಬೋಲ್ಟು, ಅಂಚು, ಅಕ್ಷರ ಎಲ್ಲವೂ ಇದ್ದಹಾಗೆಯೇ ಕಾಣುತ್ತವೆ. ಆದರೆ ಚಾಕುವಿನಿಂದ ಕೆರೆಯುವಷ್ಟು ಮೆತ್ತಗಾಗಿರುತ್ತದೆ. ಇಂಥ ವಸ್ತುವನ್ನು ನೀರಿನಿಂದ ತೆಗೆದು ಬಿಸಿಲಿಗೆ ಇಟ್ಟರೆ ಒಣಗುತ್ತಾ ಬಿರುಕು ಬಿಟ್ಟು ಪದರ ಪದರವಾಗಿ ಉದುರುತ್ತದೆ. ನೂರು ವರ್ಷ ಕಡಲೊಳಗೆ ಉಳಿದದ್ದು ದಡದ ಮೇಲೆ ಒಂದೇ ಬೇಸಿಗೆಯಲ್ಲಿ ಹಾಳಾಗುವುದು ಹೀಗೆ.

ಸರಿಯಾದ ಆರೈಕೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಒಂದು ಉದಾಹರಣೆಯಿದೆ. ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಲ್ಲಿ 1872ರಲ್ಲಿ 'ಕ್ಸಾಂಥೊ' ಎಂಬ ಸಣ್ಣ ಉಗಿಹಡಗು ಮುಳುಗಿತು. ಅದರ ಎಂಜಿನನ್ನು ಅಲ್ಲಿನ ವಸ್ತುಸಂಗ್ರಹಾಲಯದವರು 1985ರಲ್ಲಿ ಮೇಲೆತ್ತಿದರು. ವರ್ಷಗಟ್ಟಲೆ ರಾಸಾಯನಿಕ ದ್ರಾವಣದಲ್ಲಿಟ್ಟು ಉಪ್ಪನ್ನು ಹೊರತೆಗೆದು, ಒಂದೊಂದೇ ಭಾಗ ಬಿಡಿಸಿ ಶುಚಿಮಾಡಿ ಮತ್ತೆ ಜೋಡಿಸಿದರು. ಕೊನೆಗೆ ಅದನ್ನು ಕೈಯಿಂದ ತಿರುಗಿಸಲು ಸಾಧ್ಯವಾಯಿತು. ಅಮೆರಿಕದ ಅಂತರ್ಯುದ್ಧ ಕಾಲದ 'ಮಾನಿಟರ್' ಯುದ್ಧನೌಕೆಯ ಉಗಿ ಎಂಜಿನನ್ನು 2001ರಲ್ಲಿ ಮೇಲೆತ್ತಿದ ಮೇಲೆ ಅದರ ಸಂರಕ್ಷಣೆಗೆ ಎರಡು ದಶಕಗಳೂ ಸಾಲದಾದವು. ಇದು ಸುಲಭದ ಕೆಲಸವಲ್ಲ, ಅಗ್ಗದ ಕೆಲಸವೂ ಅಲ್ಲ. ಎಲ್ಲ ಎಂಜಿನ್‌ಗಳಿಗೂ ಇಂಥ ಆರೈಕೆ ಬೇಕೆಂದು ನಾವು ಹೇಳುವುದಿಲ್ಲ. ಆದರೆ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವ ಮೊದಲು ಬಲ್ಲವರು ಒಮ್ಮೆ ನೋಡಬೇಕಲ್ಲವೇ?

ನೋಡಿ ಗುರುತಿಸುವುದು ಹೇಗೆ?

ಸಿಕ್ಕಿದ ಎಂಜಿನ್ ಯಾವ ಕಾಲದ್ದು ಎಂದು ಸಾಮಾನ್ಯರೂ ಸ್ವಲ್ಪಮಟ್ಟಿಗೆ ಊಹಿಸಬಹುದು. ಉಗಿ ಎಂಜಿನ್ ಎತ್ತರವಾಗಿ, ಅಸ್ಥಿಪಂಜರದಂತೆ ತೆರೆದಿರುತ್ತದೆ. ಅದರ ಸಿಲಿಂಡರ್‌ಗಳು ಒಂದಕ್ಕಿಂತ ಒಂದು ದೊಡ್ಡದಾಗಿರುವುದು ಸಾಮಾನ್ಯ, ಏಕೆಂದರೆ ಅದೇ ಉಗಿಯನ್ನು ಎರಡು ಮೂರು ಸಲ ಬಳಸಲಾಗುತ್ತಿತ್ತು. ಹತ್ತಿರದಲ್ಲೇ ದೊಡ್ಡ ಪೀಪಾಯಿಯಂಥ ಬಾಯ್ಲರ್, ಬೆಂಕಿಗೂಡಿನ ಇಟ್ಟಿಗೆ, ಕಲ್ಲಿದ್ದಲ ಚೂರು ಸಿಕ್ಕಿದರೆ ಅದು ಉಗಿಹಡಗು ಎನ್ನುವುದರಲ್ಲಿ ಸಂಶಯವಿಲ್ಲ.

ಡೀಸೆಲ್ ಎಂಜಿನ್ ಮುಚ್ಚಿದ ಪೆಟ್ಟಿಗೆಯಂತಿರುತ್ತದೆ. ಸಿಲಿಂಡರ್‌ಗಳೆಲ್ಲ ಒಂದೇ ಅಳತೆಯವು, ಸಾಲಾಗಿ ನಿಂತಿರುತ್ತವೆ. ಪಕ್ಕದಲ್ಲಿ ಇಂಧನದ ಪಂಪು, ಸಪೂರ ಕೊಳವೆಗಳು ಇರುತ್ತವೆ. ನಮ್ಮ ಟ್ರಾಲ್ ಬೋಟು, ಪರ್ಸೀನ್ ಬೋಟುಗಳಲ್ಲಿರುವುದು ಇಂಥವೇ. ನಾಡದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಮೋಟಾರು ಅಲ್ಯೂಮಿನಿಯಂ ಮೈಯದು. ಹತ್ತು ಅಶ್ವಶಕ್ತಿಯ ಮೋಟಾರಿನ ತೂಕ ನಲ್ವತ್ತು ಕಿಲೋ ಆಸುಪಾಸು. ಹಳೆಯ ಸ್ಟೀಮರಿನ ಎಂಜಿನಾದರೋ ಹತ್ತಾರು ಟನ್ ತೂಗುತ್ತದೆ. ಹೀಗಾಗಿ ನಮ್ಮ ದಡದಲ್ಲಿ ಸಿಗುವ ಎಂಜಿನ್ 'ಹಡಗಿನದ್ದು' ಎಂದು ಮೊದಲ ನೋಟಕ್ಕೇ ಹೇಳುವುದು ಸರಿಯಲ್ಲ. ಅಳಿವೆಯಲ್ಲಿ ಒಡೆದ ಮೀನುಗಾರಿಕಾ ಬೋಟಿನದ್ದಾಗಿರುವ ಸಂಭವವೇ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದದ್ದು ತಯಾರಕರ ಗುರುತು. ಎಂಜಿನ್ ಮೇಲೆ ಹಿತ್ತಾಳೆಯ ಫಲಕವಿರುತ್ತದೆ, ಇಲ್ಲವಾದರೆ ಮೈಮೇಲೆಯೇ ಸಂಖ್ಯೆ ಕೊರೆದಿರುತ್ತದೆ. ಆ ಒಂದು ಸಂಖ್ಯೆ ಸಿಕ್ಕಿದರೆ ತಯಾರಾದ ವರ್ಷ, ಮಾರಾಟವಾದ ಊರು, ಬೋಟಿನ ಹೆಸರು, ಯಜಮಾನನ ಮನೆ ಇವುಗಳಿಗೆ ದಾರಿ ತೆರೆಯುತ್ತದೆ. ಗುಜರಿಯವರು ಮೊದಲು ಕೀಳುವುದೂ ಹಿತ್ತಾಳೆಯನ್ನೇ ಎಂಬುದು ದುಃಖದ ಸಂಗತಿ.

ಗುರುತಿನ ಮಹತ್ವಕ್ಕೆ ಗೋವಾದ ಕಡಲಿನಲ್ಲಿ ಒಳ್ಳೆಯ ಸಾಕ್ಷಿಯಿದೆ. ಅಲ್ಲಿನ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಪುರಾತತ್ವಜ್ಞರು ಸೇಂಟ್ ಜಾರ್ಜ್ ರೀಫ್ ಎಂಬ ಬಂಡೆಸಾಲಿನ ಬಳಿ ನೀರಿಗಿಳಿದು ಶೋಧಿಸಿದಾಗ ಹೆಂಚುಗಳ ರಾಶಿ ಸಿಕ್ಕಿತು. ಅವುಗಳ ಮೇಲೆ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯ ಹೆಸರೂ 1865 ಎಂಬ ಇಸವಿಯೂ ಇದ್ದವು. 1865 ಎಂದರೆ ಮಂಗಳೂರಿನಲ್ಲಿ ಆ ಕಾರ್ಖಾನೆ ಆರಂಭವಾದ ವರ್ಷ. ಹಡಗಿನ ಮೈ ಉಳಿದಿರಲಿಲ್ಲ. ಆದರೂ ನಮ್ಮ ಜಿಲ್ಲೆಯ ಹೆಂಚು ಹೊತ್ತ ಹಡಗೊಂದು ಅಲ್ಲಿ ಮುಳುಗಿತೆಂಬುದನ್ನು ಆ ಮುದ್ರೆ ಹೇಳಿತು. ಗೋವಾದ ಅಮೀ ಶೋಲ್ಸ್ ಎಂಬಲ್ಲಿ ಇದೇ ಸಂಸ್ಥೆಯವರು ಉಗಿಹಡಗಿನ ಬಾಯ್ಲರ್, ಎಂಜಿನಿನ ಭಾಗ, ಬೆಂಕಿಗೂಡಿನ ಇಟ್ಟಿಗೆಗಳನ್ನು ಪತ್ತೆಹಚ್ಚಿದರು. ಇಟ್ಟಿಗೆಗಳ ಮೇಲಿನ ತಯಾರಕರ ಹೆಸರು ಹಡಗಿನ ಕಾಲ ತಿಳಿಯಲು ನೆರವಾಯಿತು.

ನಮ್ಮ ತೀರವೂ ಬರೀ ಮೀನುಗಾರಿಕೆಯ ತೀರವಾಗಿರಲಿಲ್ಲ. ಐದು ನದಿಗಳು ಕೂಡುವ ಪಂಚಗಂಗಾವಳಿಯ ಅಳಿವೆಯಿಂದ ಒಳಗೆ ಬಸರೂರು ಹೆಸರಾಂತ ಬಂದರಾಗಿತ್ತು. 1665ರಲ್ಲಿ ಶಿವಾಜಿ ಕಡಲ ಮಾರ್ಗವಾಗಿ ಬಂದು ಅದರ ಮೇಲೆ ದಾಳಿ ಮಾಡಿದ್ದು ಇತಿಹಾಸ. ಕುಂದಾಪುರದ ರೋಜರಿ ಮಾತೆಯ ಇಗರ್ಜಿ 1570ರಷ್ಟು ಹಳೆಯದು. ಪೋರ್ಚುಗೀಸರ ಹಡಗುಗಳು ಈ ಅಳಿವೆಗೆ ಬರುತ್ತಿದ್ದ ಕಾಲವದು. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವಲ್ಲಿ ಹಂಗಾರಕಟ್ಟೆ ಇದೆ. ರಸ್ತೆ, ಸೇತುವೆಗಳು ಆಗುವ ಮೊದಲು ಅಕ್ಕಿ, ಹೆಂಚು, ತೆಂಗು ಮಂಜಿಗಳಲ್ಲಿ ಹೋಗುತ್ತಿದ್ದವು. ಮುಂಬಯಿಗೆ ದುಡಿಯಲು ಹೊರಟ ನಮ್ಮ ಹಿರಿಯರು ಸ್ಟೀಮರ್ ಹತ್ತುತ್ತಿದ್ದರು. ಇಷ್ಟು ಹಡಗು ಓಡಾಡಿದ ಕಡಲಿನಲ್ಲಿ ಒಡೆದವೂ ಇರಲೇಬೇಕು.

ನಮ್ಮ ಕಾಲದ ಅವಘಡಗಳು

ಹಳೆಯದನ್ನು ಬಿಟ್ಟು ಕಳೆದ ಇಪ್ಪತ್ತು ವರ್ಷಗಳನ್ನೇ ನೋಡೋಣ. 2006ರ ಮೇ 30ರಂದು ಕಾರವಾರದ ಬಳಿ 'ಓಷನ್ ಸೆರಾಯಾ' ಹಡಗು ಬಂಡೆಗೆ ಬಡಿದು, ನೂರಾರು ಟನ್ ತೈಲ ಸೋರಿ ಗೋವಾದ ದಡದವರೆಗೂ ಹಬ್ಬಿತು. 2007ರ ಜೂನ್‌ನಲ್ಲಿ ಎರಿಟ್ರಿಯಾ ದೇಶದ 'ಡೆನ್‌ಡೆನ್' ಹಡಗು ಮಂಗಳೂರಿನ ಬಳಿ ಮುಳುಗಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ 'ಅಲಯನ್ಸ್' ಎಂಬ ಟಗ್ ಮಗುಚಿ ಪಡುಬಿದ್ರಿಯ ದಡಕ್ಕೆ ಬಂದು ಬಿತ್ತು. ಅದರಲ್ಲಿದ್ದವರ ಪೈಕಿ ಮೂವರು ಈಜಿ ದಡ ಸೇರಿದರು, ಉಳಿದವರಿಗೆ ಆ ಭಾಗ್ಯವಿರಲಿಲ್ಲ. ಅದೇ ದಿನಗಳಲ್ಲಿ ಮೂಲ್ಕಿಯ ಬಳಿ ಬಂಡೆಗೆ ಸಿಕ್ಕಿಕೊಂಡ 'ಕೋರಮಂಡಲ್ ಸಪೋರ್ಟರ್' ಟಗ್‌ನ ಒಂಬತ್ತು ಮಂದಿಯನ್ನೂ ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಪಾರುಮಾಡಿದರು. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಉಕ್ಕಿನ ಸುರುಳಿ ಹೊತ್ತ 'ಪ್ರಿನ್ಸೆಸ್ ಮಿರಾಲ್' ನೆಲಕ್ಕೆ ತಾಗಿ ಕುಳಿತಿತು. ಅದರ 15 ಮಂದಿ ಸಿರಿಯನ್ ನಾವಿಕರೂ ಬದುಕಿ ಬಂದರು.

ಈ ಪಟ್ಟಿಯಲ್ಲಿ ಒಂದು ಸಂಗತಿ ಗಮನಿಸಬಹುದು. ಹೆಚ್ಚಿನವು ಮೇ ಕೊನೆಯಿಂದ ಜೂನ್ ಒಳಗೆ, ಅಂದರೆ ಮಳೆಗಾಲ ಕಾಲಿಡುವ ಹೊತ್ತಿಗೆ ಆದವು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು ಮೀನಿನ ಸಂತತಿಗಾಗಿ ಎಂದು ನಾವು ತಿಳಿದಿದ್ದೇವೆ. ಅದು ಮನುಷ್ಯರ ಸಂತತಿಯನ್ನೂ ಉಳಿಸುತ್ತದೆ.

ಒಡೆದ ಹಡಗನ್ನು ಬೇಗ ತೆಗೆಯದಿದ್ದರೆ ಏನಾಗುತ್ತದೆ ಎಂಬುದನ್ನು ಗೋವಾದವರು ಅನುಭವಿಸಿದ್ದಾರೆ. ಕಾಂದೋಳಿ ದಡದಲ್ಲಿ 2000ದ ಜೂನ್‌ನಲ್ಲಿ ಬಂದು ಕುಳಿತ 'ರಿವರ್ ಪ್ರಿನ್ಸೆಸ್' ಅಲ್ಲಿಂದ ಪೂರ್ತಿ ಹೋಗಲು 2012ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅದರ ಸುತ್ತಲ ದಡವೂ ಸಾಕಷ್ಟು ಕೊರೆದುಹೋಗಿತ್ತು.

ಕಾಯುತ್ತಿರುವ ಮನೆಗಳು

ಹಡಗುಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಬೋಟುಗಳ ಸುದ್ದಿ ಮನೆಗಳಲ್ಲಿ ಉಳಿಯುತ್ತದೆ. ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು 2018ರ ಡಿಸೆಂಬರ್ 15ರ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ಅದರಲ್ಲಿ ಏಳು ಮಂದಿ ಮೀನುಗಾರರಿದ್ದರು. ಅಪಹರಣವಾಯಿತೇ, ಬೇರೆ ರಾಜ್ಯದಲ್ಲಿ ಬಂಧನವಾಯಿತೇ, ಹಡಗು ಬಡಿಯಿತೇ ಎಂದು ನೂರು ಮಾತು ಹರಿದಾಡಿದವು. ನಾಲ್ಕೂವರೆ ತಿಂಗಳ ಬಳಿಕ, 2019ರ ಮೇ ಆರಂಭದಲ್ಲಿ ನೌಕಾಪಡೆಯ 'ನಿರೀಕ್ಷಕ್' ನೌಕೆ ಮಹಾರಾಷ್ಟ್ರದ ಮಾಲ್ವಾಣದ ಬಳಿ ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ಗುರುತಿಸಿತು. ಅಷ್ಟು ದಿನ ಆ ಏಳು ಮನೆಗಳು ಹೇಗೆ ದಿನ ಕಳೆದಿರಬಹುದು ಎಂಬುದನ್ನು ಕಡಲತೀರದವರಿಗೆ ವಿವರಿಸಬೇಕಾಗಿಲ್ಲ.

ಸತ್ತರು ಎಂದು ಗೊತ್ತಾದರೆ ಅಳಬಹುದು. ಗೊತ್ತಾಗದಿದ್ದರೆ ಅಳಲೂ ಆಗದು. ಶವ ಸಿಗದವನ ಹೆಂಡತಿ ವಿಧವೆಯೂ ಅಲ್ಲ, ಸಧವೆಯೂ ಅಲ್ಲ. ಕಾನೂನಿನಲ್ಲೂ ತೊಡಕು ಕಡಿಮೆಯಿಲ್ಲ. ಸಾವಿಗೆ ಬೇರೆ ಸಾಕ್ಷಿ ಇಲ್ಲದಿದ್ದಲ್ಲಿ, ಏಳು ವರ್ಷ ಯಾವ ಸುದ್ದಿಯೂ ಇಲ್ಲದವನನ್ನು ಮಾತ್ರ ಸತ್ತನೆಂದು ಭಾವಿಸಬಹುದು ಎಂಬುದು ನಮ್ಮ ಸಾಕ್ಷ್ಯ ಕಾನೂನಿನ ನಿಯಮ. ಅಲ್ಲಿಯವರೆಗೆ ಮರಣಪತ್ರ, ವಿಮೆ, ಬ್ಯಾಂಕಿನ ಸಾಲ, ಜಾಗದ ಖಾತೆ ಎಲ್ಲವೂ ಅಡ್ಡಿಯಾಗಬಹುದು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಮೃತ ಮೀನುಗಾರನ ಕುಟುಂಬಕ್ಕೆ 5 ಲಕ್ಷ ರೂಪಾಯಿ ದೊರೆಯುತ್ತದೆ. ಆದರೆ ಮೃತನೆಂಬುದಕ್ಕೆ ದಾಖಲೆ ಬೇಕು.

ಇಲ್ಲಿಯೇ ದಡದಲ್ಲಿ ಸಿಕ್ಕಿದ ಎಂಜಿನ್‌ಗೆ ಬೆಲೆ ಬರುವುದು. ಕಾಣೆಯಾದ ಬೋಟಿನ ಎಂಜಿನ್ ಸಂಖ್ಯೆ ನೋಂದಣಿಯ ಕಾಗದದಲ್ಲಿ, ಖರೀದಿಯ ಬಿಲ್ಲಿನಲ್ಲಿ, ಸಾಲ ಕೊಟ್ಟ ಬ್ಯಾಂಕಿನಲ್ಲಿ ಎಲ್ಲಾದರೂ ಇರುತ್ತದೆ. ದಡದಲ್ಲಿ ಸಿಕ್ಕಿದ ಸಂಖ್ಯೆ ಅದಕ್ಕೆ ಹೊಂದಿದರೆ ಬೋಟು ಎಲ್ಲಿ ಒಡೆಯಿತೆಂಬುದಕ್ಕೆ ಗಟ್ಟಿ ಸಾಕ್ಷಿ ದೊರೆತಂತೆ. ಗುಜರಿಯವನು ಕೊಡುವ ಕೆಲವು ಸಾವಿರ ರೂಪಾಯಿಗಳಿಗಾಗಿ ಆ ಸಂಖ್ಯೆ ಅಳಿದರೆ, ಯಾವುದೋ ಮನೆಯ ಉತ್ತರವೇ ಅಳಿದುಹೋಗುತ್ತದೆ. ನಾವು ಈ ಲೇಖನ ಬರೆಯಲು ಮುಖ್ಯ ಕಾರಣ ಇದುವೇ.

ಕಾನೂನು ಏನು ಹೇಳುತ್ತದೆ?

'ಕಡಲು ಕೊಟ್ಟದ್ದು ಸಿಕ್ಕಿದವನಿಗೆ' ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದ್ದರೂ ಕಾನೂನು ಹಾಗೆ ಹೇಳುವುದಿಲ್ಲ. 1958ರ ವಾಣಿಜ್ಯ ನೌಕಾ ಕಾಯ್ದೆಯಲ್ಲಿ ಒಡೆದ ಹಡಗು ಮತ್ತು ಅದರ ವಸ್ತುಗಳಿಗಾಗಿಯೇ ಒಂದು ಭಾಗವಿತ್ತು. ಅದರಂತೆ, ಇಂಥ ವಸ್ತುವನ್ನು ಕಂಡು ವಶಕ್ಕೆ ತೆಗೆದುಕೊಂಡವನು ಅದಕ್ಕಾಗಿ ಸರಕಾರ ನೇಮಿಸಿದ 'ರಿಸೀವರ್' ಎಂಬ ಅಧಿಕಾರಿಗೆ ಒಪ್ಪಿಸಬೇಕು. ಒಡೆಯನಿಗೆ ತನ್ನ ಹಕ್ಕು ಸಾಬೀತುಪಡಿಸಲು ಒಂದು ವರ್ಷದ ಅವಕಾಶ. ವಸ್ತುವನ್ನು ರಕ್ಷಿಸಿಕೊಟ್ಟವನಿಗೆ ಶ್ರಮಕ್ಕೆ ತಕ್ಕ ಪ್ರತಿಫಲ ಕೇಳುವ ಹಕ್ಕಿದೆ, ಒಡೆತನದ ಹಕ್ಕಿಲ್ಲ. ಈ ಹಳೆಯ ಕಾಯ್ದೆಯ ಬದಲಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ವಾಣಿಜ್ಯ ನೌಕಾ ಕಾಯ್ದೆಯನ್ನು ಅಂಗೀಕರಿಸಿತು.

ವಿದೇಶೀ ಹಡಗಿನಿಂದ ಬಂದ ವಸ್ತುವಾದರೆ ಕಸ್ಟಮ್ಸ್ ಇಲಾಖೆಯ ಪ್ರಶ್ನೆಯೂ ಬರುತ್ತದೆ. 1962ರ ಕಸ್ಟಮ್ಸ್ ಕಾಯ್ದೆ, ಒಡೆದ ಹಡಗಿನಿಂದ ದಡಕ್ಕೆ ಬಂದ ಸರಕನ್ನೂ ಆಮದು ಮಾಡಿದ ಸರಕಿನಂತೆಯೇ ಕಾಣುತ್ತದೆ. ಇನ್ನು, ಸಿಕ್ಕಿದ ವಸ್ತುವಿನ ಒಡೆಯನನ್ನು ಹುಡುಕುವ ಯಾವ ಪ್ರಯತ್ನವನ್ನೂ ಮಾಡದೆ ಸ್ವಂತಕ್ಕೆ ಬಳಸಿಕೊಳ್ಳುವುದು ದಂಡಸಂಹಿತೆಯಲ್ಲೂ ಅಪರಾಧವೇ. ನೂರು ವರ್ಷಕ್ಕಿಂತ ಹಳೆಯ ವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯನ್ನೂ ಗಮನಿಸಬೇಕಾಗುತ್ತದೆ.

ಒಡೆದ ಹಡಗನ್ನು ತೆಗೆಯುವ ಹೊಣೆ ಯಾರದು ಎಂಬುದಕ್ಕೆ ಅಂತಾರಾಷ್ಟ್ರೀಯ ಒಪ್ಪಂದವೂ ಇದೆ. 2007ರಲ್ಲಿ ನೈರೋಬಿಯಲ್ಲಿ ಆದ ಈ ಒಪ್ಪಂದ 2015ರಲ್ಲಿ ಜಾರಿಗೆ ಬಂತು. ಅಪಾಯ ಒಡ್ಡುವ ಅವಶೇಷವನ್ನು ಹಡಗಿನ ಮಾಲೀಕನೇ ತೆಗೆಸಬೇಕು, ಅದಕ್ಕೆ ವಿಮೆ ಇಟ್ಟಿರಬೇಕು ಎಂಬುದು ಅದರ ಸಾರ.

ಮುಟ್ಟುವ ಮುನ್ನ

ಇನ್ನು ಸುರಕ್ಷತೆಯ ಮಾತು. ಹಳೆಯ ಉಗಿಹಡಗುಗಳ ಕೊಳವೆ, ಬಾಯ್ಲರ್‌ಗಳಿಗೆ ಶಾಖ ಹೋಗದಂತೆ ಕಲ್ನಾರು ಸುತ್ತಿರುತ್ತಿದ್ದರು. ಒಣಗಿದ ಕಲ್ನಾರಿನ ದೂಳು ಶ್ವಾಸಕೋಶಕ್ಕೆ ವಿಷ. ಡೀಸೆಲ್ ಎಂಜಿನ್‌ನೊಳಗೆ, ಇಂಧನದ ತೊಟ್ಟಿಯೊಳಗೆ ಎಣ್ಣೆ ಉಳಿದಿರಬಹುದು. ಮುಚ್ಚಿದ ತೊಟ್ಟಿಗೆ ಗ್ಯಾಸ್ ಕಟ್ಟರ್ ಹಿಡಿದರೆ ಒಳಗಿನ ಆವಿಗೆ ಬೆಂಕಿ ತಗುಲಿ ಸಿಡಿಯುವ ಅಪಾಯವಿದೆ. ಅಲೆಯಲ್ಲಿ ಅರ್ಧ ಮುಳುಗಿದ ಎಂಜಿನ್ ಬುಡದಲ್ಲಿ ಹೊಂಡ ಬಿದ್ದಿರುತ್ತದೆ, ಅದರ ಮೇಲೆ ಹತ್ತಿದ ಮಕ್ಕಳ ಕಾಲು ಸಿಕ್ಕಿಕೊಳ್ಳಬಹುದು.

ಗೊತ್ತಿಲ್ಲದ ವಸ್ತು ಎಷ್ಟು ಅಪಾಯಕಾರಿ ಎಂಬುದನ್ನು 2025 ನಮಗೆ ತೋರಿಸಿಕೊಟ್ಟಿತು. ಆ ವರ್ಷ ಮೇ 25ರಂದು ಕೊಚ್ಚಿಯ ಬಳಿ 640 ಕಂಟೈನರ್ ಹೊತ್ತ 'ಎಂಎಸ್‌ಸಿ ಎಲ್ಸಾ 3' ಮುಳುಗಿತು. ಕೆಲವು ಕಂಟೈನರ್‌ಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಅದಕ್ಕೆ ನೀರು ತಗುಲಿದರೆ ಹೊತ್ತಿ ಉರಿಯುವ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ದಡಕ್ಕೆ ಬಂದ ಕಂಟೈನರ್‌ಗಳನ್ನು ಮುಟ್ಟದೆ ದೂರ ನಿಲ್ಲುವಂತೆ ಕೇರಳ ಸರಕಾರ ಜನರನ್ನು ಎಚ್ಚರಿಸಿತು. ಹದಿನೈದು ದಿನಗಳ ಬಳಿಕ, ಜೂನ್ 9ರಂದು ಕೇರಳದ ಉತ್ತರ ಕಡಲಿನಲ್ಲಿ 'ವಾನ್ ಹೈ 503' ಹಡಗಿಗೆ ಬೆಂಕಿ ಬಿತ್ತು. ಪಾರಾದ 18 ಮಂದಿಯನ್ನು ಕರೆತಂದದ್ದು ನಮ್ಮ ನವಮಂಗಳೂರು ಬಂದರಿಗೆ. ನಾಲ್ವರು ಕಾಣೆಯಾದರು. ಇಂಥ ಹಡಗುಗಳ ಅವಶೇಷ ಯಾವ ತೀರಕ್ಕೆ ಯಾವಾಗ ಬರುತ್ತದೆಂದು ಹೇಳಲಾಗದು.

ನಾವು ಮಾಡಬಹುದಾದದ್ದು

ದಡದಲ್ಲಿ ಎಂಜಿನ್ ಅಥವಾ ಹಡಗಿನ ಬೇರೆ ಭಾಗ ಕಂಡರೆ ಮಾಡಬೇಕಾದ ಕೆಲಸ ಕಷ್ಟದ್ದಲ್ಲ.

ಮೊದಲನೆಯದಾಗಿ, ಇದ್ದಲ್ಲೇ ಇರಲಿ. ಎಳೆಯುವುದು, ಜೆಸಿಬಿ ತರಿಸುವುದು ಬೇಡ. ಎಲ್ಲಿ ಸಿಕ್ಕಿತು ಎಂಬುದೇ ಅರ್ಧ ಸಾಕ್ಷಿ. ಮಕ್ಕಳನ್ನು ದೂರವಿಡಿ.

ಎರಡನೆಯದಾಗಿ, ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ನಾಲ್ಕೂ ಬದಿಯಿಂದ, ಅಳತೆಗಾಗಿ ಪಕ್ಕದಲ್ಲಿ ಒಂದು ಕೊಡೆಯನ್ನೋ ಚಪ್ಪಲಿಯನ್ನೋ ಇಟ್ಟು ತೆಗೆದರೆ ಒಳ್ಳೆಯದು. ಫಲಕ, ಸಂಖ್ಯೆ, ಅಕ್ಷರ ಇದ್ದರೆ ಹತ್ತಿರದಿಂದ ಬೇರೆ ಚಿತ್ರ ಬೇಕು. ಸುತ್ತಿಗೆಯಿಂದ ಬಡಿದು ಚಿಪ್ಪು ಬಿಡಿಸಲು ಹೋಗಬೇಡಿ, ಮೆತ್ತಗಾದ ಕಬ್ಬಿಣದೊಂದಿಗೆ ಅಕ್ಷರವೂ ಉದುರಿಹೋಗುತ್ತದೆ. ದಿನಾಂಕ, ಜಾಗದ ಹೆಸರು, ಭರತವೋ ಇಳಿತವೋ ಎಂಬುದನ್ನು ಬರೆದಿಡಿ.

ಮೂರನೆಯದಾಗಿ, ತಿಳಿಸಿ. ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093, ಕೋಸ್ಟ್ ಗಾರ್ಡ್‌ನ ತುರ್ತು ಸಂಖ್ಯೆ 1554. ಮಲ್ಪೆ, ಗಂಗೊಳ್ಳಿಗಳಲ್ಲಿ ಕರಾವಳಿ ಕಾವಲು ಪೊಲೀಸ್ ಠಾಣೆಗಳಿವೆ. ಮೀನುಗಾರಿಕೆ ಇಲಾಖೆಗೂ, ಊರಿನ ಮೀನುಗಾರರ ಸಂಘಕ್ಕೂ ವಿಷಯ ಮುಟ್ಟಿಸಿ. ಹಳೆಯ ಬೋಟುಗಳ ಬಗ್ಗೆ ಹಿರಿಯ ತಾಂಡೇಲರಿಗೆ ಗೊತ್ತಿರುವಷ್ಟು ಯಾವ ಕಚೇರಿಯಲ್ಲೂ ಗೊತ್ತಿರುವುದಿಲ್ಲ.

ನಾಲ್ಕನೆಯದು ಬೋಟಿನ ಯಜಮಾನರಿಗೆ. ಎಂಜಿನ್ ಸಂಖ್ಯೆ, ನೋಂದಣಿ ಸಂಖ್ಯೆ, ವಿಮೆಯ ಕಾಗದ, ಬೋಟಿನಲ್ಲಿ ಹೋಗುವವರ ಹೆಸರು ಇಷ್ಟನ್ನೂ ಬೋಟಿನಲ್ಲೇ ಇಟ್ಟರೆ ಬೋಟಿನೊಂದಿಗೆ ಅವೂ ಮುಳುಗುತ್ತವೆ. ಒಂದು ಪ್ರತಿ ಮನೆಯಲ್ಲಿರಲಿ. ಎಂಜಿನ್ ಬದಲಿಸಿದಾಗ ಹೊಸ ಸಂಖ್ಯೆಯನ್ನು ಸೇರಿಸಲು ಮರೆಯಬೇಡಿ.

ಧರ್ಮಕೇಂದ್ರಗಳಲ್ಲಿ ದುಡಿಯುವವರಿಗೆ ಇನ್ನೊಂದು ಮಾತು. ಗಂಗೊಳ್ಳಿ, ಕುಂದಾಪುರದಂಥ ಹಳೆಯ ಇಗರ್ಜಿಗಳ ಮರಣ ದಾಖಲೆ ಪುಸ್ತಕಗಳಲ್ಲಿ ಕಡಲಿನಲ್ಲಿ ತೀರಿಹೋದವರ ಹೆಸರು, ದಿನಾಂಕ ಇರಬಹುದು. ದಡದಲ್ಲಿ ಸಿಕ್ಕಿದ ಹೆಣಗಳಿಗೆ ನಮ್ಮ ಹಿರಿಯರು ಮಣ್ಣು ಕೊಟ್ಟದ್ದೂ ದಾಖಲಾಗಿರಬಹುದು. ವಾಳೆಯ ಗುರಿಕಾರರೂ ಯುವಜನರೂ ಸೇರಿ ಹಿರಿಯರ ನೆನಪಿನಲ್ಲಿರುವ ಅವಘಡಗಳನ್ನು, ಎಲ್ಲಿ, ಯಾವ ವರ್ಷ, ಯಾವ ಬೋಟು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದೆ ಮರಳಿನಿಂದ ಏನಾದರೂ ಹೊರಬಂದಾಗ ಹೋಲಿಸಿ ನೋಡಲು ಅನುಕೂಲ. ಖಾರ್ವಿ, ಮೊಗವೀರ ಬಂಧುಗಳ ಮನೆಗಳಲ್ಲೂ ಇಂಥ ನೆನಪುಗಳು ಬೇಕಾದಷ್ಟಿವೆ. ಜಾತಿ ಮತ ಎನ್ನದೆ ಎಲ್ಲರದ್ದನ್ನೂ ಬರೆದುಕೊಳ್ಳೋಣ. ಒಂದೇ ಅಳಿವೆ ದಾಟಿ ಒಂದೇ ಕಡಲಿಗೆ ಹೋದವರು ಅವರೆಲ್ಲ.

ಕಬ್ಬಿಣಕ್ಕೆ ಗುಜರಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ದರವಿದೆ. ಅದರ ಮೇಲೆ ಕೊರೆದ ಸಂಖ್ಯೆಗೆ ಯಾವ ದರವೂ ಇಲ್ಲ. ಆದರೆ ಕಾಯುತ್ತಿರುವ ಒಂದು ಮನೆಗೆ ಬೇಕಾಗಿರುವುದು ಆ ಸಂಖ್ಯೆಯೇ. ಈ ಮಳೆಗಾಲದ ನಂತರ ನಮ್ಮ ತೀರದಲ್ಲಿ ಅಂಥದ್ದೇನಾದರೂ ಕಂಡರೆ, ಮೊದಲು ಸಂಖ್ಯೆ ಬರೆದುಕೊಳ್ಳೋಣ. ತೂಕದ ಮಾತು ಆಮೇಲೆ.